ಶಾಲೆಯಲ್ಲಿ ಸೈಬರ್ ಎಚ್ಚರ: ಸಿಬ್ಬಂದಿ ಕೊಠಡಿಯಿಂದಲೇ ಆರಂಭಿಸಿ

ವಿಜಯಪುರ ಜಿಲ್ಲೆಯ ಹಲವು ಶಾಲೆಗಳಲ್ಲಿ ಸೈಬರ್ ಜಾಗೃತಿ ಎಂದರೆ ಒಂದು ಬ್ಯಾನರ್, ಒಂದು ತಾಸಿನ ಭಾಷಣ, ಕೊನೆಗೊಂದು ಗುಂಪು ಫೋಟೊ. ಒಟಿಪಿ ಯಾರಿಗೂ ಹೇಳಬಾರದೆಂಬುದು ಅಲ್ಲಿ ಕುಳಿತವರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಅವರು ಎಡವುವುದು ಅವಸರದಲ್ಲಿ ಮತ್ತು ಅಂಜಿಕೆಯಲ್ಲಿ; ಆದ್ದರಿಂದ ಬೇಕಾಗಿರುವುದು ತಾಲೀಮು.

ಮೊದಲು ಕಚೇರಿಯನ್ನು ಸರಿಪಡಿಸಿ. ಎಸ್‌ಎಟಿಎಸ್, ಯುಡೈಸ್ ಪ್ಲಸ್ ಎಂಬ, ವಿದ್ಯಾರ್ಥಿ ಹಾಗೂ ಶಾಲೆಯ ಮಾಹಿತಿ ತುಂಬುವ ಸರ್ಕಾರಿ ಜಾಲತಾಣಗಳ ಪಾಸ್‌ವರ್ಡ್‌ಗಳ ಚೀಟಿ ಗೋಡೆಯ ಮೇಲಿದ್ದರೆ ಇಂದೇ ಕಿತ್ತು, ಹೊಸ ಪಾಸ್‌ವರ್ಡ್ ಇಟ್ಟು, ಬರೆದ ಹಾಳೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ಶಾಲೆಯ ಗುರುತಿನ ಸಂಖ್ಯೆಯಾದ ಡೈಸ್ ಕೋಡ್ ಅನ್ನೇ ಪಾಸ್‌ವರ್ಡ್ ಮಾಡಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿದರೆ ಸಾಕು. ಪ್ರತಿಯೊಬ್ಬ ಶಿಕ್ಷಕರ ವಾಟ್ಸ್ಆ್ಯಪ್‌ನಲ್ಲಿ ಎರಡು ಹಂತದ ದೃಢೀಕರಣ ಆನ್ ಆಗಿರಲಿ. ಎಲ್ಲ ಅನುಮತಿಗಳನ್ನೂ ಕೇಳುವ 'ಮೊಬೈಲ್ ರಕ್ಷಣೆ'ಯ ಉಚಿತ ಆ್ಯಪ್‌ಗಳನ್ನು ಹಾಕಿಕೊಳ್ಳಲೇಬೇಡಿ. ಮಕ್ಕಳ ಹೆಸರು, ಮೊಬೈಲ್ ಸಂಖ್ಯೆ ಪಡೆದು ಪ್ರಮಾಣಪತ್ರ ಕೊಡುವ ಅನಾಮಧೇಯ ಆನ್‌ಲೈನ್ ಕ್ವಿಜ್‌ಗಳಿಂದಲೂ ದೂರವಿರಿ.

ಕಠಿಣವಾದದ್ದು ಮುಂದಿನ ಹೆಜ್ಜೆ. ಸಿಬ್ಬಂದಿ ಸಭೆಯಲ್ಲಿ ಒಬ್ಬರು ವಂಚಕರ ಪಾತ್ರ ವಹಿಸಿ, ಡಿಡಿಪಿಐ ಅಂದರೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರ ಹೆಸರು ಹೇಳಲಿ: "ಡಿಡಿಪಿಐ ಆಫೀಸಿನಿಂದ ಮಾತಾಡ್ತಿದ್ದೀನ್ರಿ. ವಿದ್ಯಾರ್ಥಿವೇತನದ ಪಟ್ಟಿ ಸಂಜೆಯೊಳಗ ಹೋಗಬೇಕು, ನಿಮ್ಮ ಫೋನಿಗೆ ಬಂದ ಆರು ಅಂಕಿ ಹೇಳ್ರಿ." ಮೇಲಿನ ಕಚೇರಿಗಳಿಂದ ಇಂಥ ತುರ್ತು ಕರೆಗಳು ನಿಜವಾಗಿಯೂ ಬರುತ್ತವೆ; ಹಾಗಾಗಿಯೇ ಶಿಕ್ಷಕರು ನಂಬುತ್ತಾರೆ. ಎದುರಿನವರು "ಇಡ್ತೀನ್ರಿ, ಕಚೇರಿ ನಂಬರಿಗೆ ನಾನೇ ಮಾಡ್ತೀನಿ" ಎಂದು ಗಟ್ಟಿಯಾಗಿ ಹೇಳಿ ಕರೆ ಕಡಿಯಬೇಕು. ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು, ಆ ಮಾತು ಬಾಯಿಗೆ ರೂಢಿಯಾಗಬೇಕು. ವಂಚಕರ ಪಾತ್ರದವರು ದನಿ ಏರಿಸಲಿ, ಅಮಾನತಿನ ಮಾತೆತ್ತಲಿ. ಆಗಲೂ ಉತ್ತರ ಬದಲಾಗಬಾರದು. ಮರಳಿ ಕರೆ ಮಾಡುವ ಸಂಖ್ಯೆ ಶಾಲೆಯ ದಾಖಲೆ ಪುಸ್ತಕದಲ್ಲಿರಬೇಕು, ಗೂಗಲ್‌ನಲ್ಲಿ ಹುಡುಕಿದ್ದಾಗಿರಬಾರದು. ಹೀಗೆ ಕರೆ ಕಡಿದವರನ್ನು ಯಾರೂ ಬೈಯುವುದಿಲ್ಲವೆಂದು ಮುಖ್ಯಶಿಕ್ಷಕರು ಲಿಖಿತವಾಗಿ ತಿಳಿಸಬೇಕು. ಇದಿಲ್ಲದಿದ್ದರೆ ತಾಲೀಮಿಗೆ ಬೆಲೆಯಿಲ್ಲ. ಮದುವೆ ಕರೆಯೋಲೆಯೆಂದು ಬರುವ, ತೆರೆದರೆ ಫೋನಿನಲ್ಲಿ ಆ್ಯಪ್ ಅಳವಡಿಸುವ ಎಪಿಕೆ ಫೈಲಿಗೂ ಇದೇ ರೀತಿ ತಾಲೀಮು ಮಾಡಿಸಿ.

ಮಕ್ಕಳಿಗೆ ಹೇಳುವಾಗ ಅವರ ಮನೆಯನ್ನು ನೆನಪಿನಲ್ಲಿಡಿ. ತಂದೆ-ತಾಯಿ ಕಬ್ಬು ಕಡಿಯಲೋ ಗೋವಾದ ಕೆಲಸಕ್ಕೋ ಹೋಗಿರುವ ಮನೆಗಳಲ್ಲಿ ಅಜ್ಜಿಯ ಫೋನ್‌ಪೇ ನಡೆಸುವವರು ಎಂಟನೇ ತರಗತಿಯ ಮಕ್ಕಳೇ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ ಎಂಬ ಒಂದೇ ಸಂಗತಿಯನ್ನು ಅವರಿಗೆ ಮನದಟ್ಟು ಮಾಡಿಸಿದರೆ ಅಜ್ಜಿಯ ಪಿಂಚಣಿ ಉಳಿಯುತ್ತದೆ.

ಫೋಟೊ ತಿರುಚಿ ಬೆದರಿಸುವ ಪ್ರಕರಣಗಳನ್ನು ಶಾಲೆಗಳು ಇನ್ನಷ್ಟು ಕೆಡಿಸುತ್ತವೆ. ಫೋನ್ ಕಸಿದುಕೊಳ್ಳುತ್ತಾರೆಂಬ ಭಯದಿಂದ ಮಕ್ಕಳು ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟಾಗ ಶಿಕ್ಷಕರು ಆ ಚಿತ್ರವನ್ನೇ ಸಿಬ್ಬಂದಿ ಗುಂಪಿಗೆ ಕಳುಹಿಸಿಬಿಡುತ್ತಾರೆ. ಮಕ್ಕಳ ಅಶ್ಲೀಲ ಚಿತ್ರವನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ, ಉದ್ದೇಶ ಒಳ್ಳೆಯದಿದ್ದರೂ ಹಾಗೆ ಮಾಡಕೂಡದು. ಮಕ್ಕಳು ಹೋಗಿ ಹೇಳಿಕೊಳ್ಳಬಹುದಾದ ಒಬ್ಬ ಶಿಕ್ಷಕಿಯ ಹೆಸರನ್ನು ಪ್ರಾರ್ಥನೆಯ ವೇಳೆ ಪ್ರಕಟಿಸಿ. ಆ ಶಿಕ್ಷಕಿ ಬೆದರಿಸಿದವರ ಖಾತೆಯ ಹೆಸರು, ಫೋನ್ ಸಂಖ್ಯೆ, ಬೆದರಿಕೆ ಬಂದ ಸಮಯವನ್ನು ಕಾಗದದ ಮೇಲೆ ಬರೆದುಕೊಳ್ಳಲಿ, ಫೋನಿನಲ್ಲಿ ಏನನ್ನೂ ಅಳಿಸದಿರಲಿ, ಬೆದರಿಸಿದವರಿಗೆ ಹಣ ಕಳುಹಿಸಲು ಬಿಡದಿರಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿ. ಲೈಂಗಿಕ ಸ್ವರೂಪದ ಪ್ರಕರಣವನ್ನು ಪೊಲೀಸರಿಗೆ ತಿಳಿಸುವುದು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಶಾಲೆಯ ಮರ್ಯಾದೆಯ ಹೆಸರಿನಲ್ಲಿ ಊರ ಹಿರಿಯರ ಮುಂದೆ ರಾಜಿ ಮಾಡಿಸುವ ಅಡ್ಡದಾರಿ ಬೇಡವೇ ಬೇಡ.

ಹಣ ಹೋಗಿದ್ದರೆ ಬ್ಯಾಂಕ್ ತೆರೆಯಲೆಂದು ಬೆಳಗಿನವರೆಗೆ ಕಾಯದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮುಂದಿನ ಖಾತೆಗೆ ಸಾಗುವ ಮೊದಲೇ ಹಣವನ್ನು ತಡೆಹಿಡಿಯುವ ಸಾಧ್ಯತೆ ಆಗಲೇ ಹೆಚ್ಚು. ನಂತರ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಈ ತಾಲೀಮನ್ನು ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಒಮ್ಮೆ, ವಿದ್ಯಾರ್ಥಿವೇತನದ ಅರ್ಜಿಗಳು ಶುರುವಾಗುವ ವಾರ ಮತ್ತೊಮ್ಮೆ ನಡೆಸಿ, ಹೊಸದಾಗಿ ಬಂದ ಅತಿಥಿ ಶಿಕ್ಷಕರನ್ನೂ ಕೂಡಿಸಿಕೊಳ್ಳಿ.