ಮಾರ್ಪಡಿಸಿದ ಹಳೆಯ ಜಿಪ್ಸಿ ಕೊಳ್ಳುವ ಮುನ್ನ

ಹಳೆಯ ಮಾರುತಿ ಜಿಪ್ಸಿ ಕೊಳ್ಳುವವರು ಮೊದಲು ಟೈರಿನ ಪಕ್ಕದಲ್ಲಿರುವ ಅಳತೆಯನ್ನು ಓದಿಕೊಳ್ಳಬೇಕು. ಜಿಪ್ಸಿ ಕಿಂಗ್‌ನ ಮೂಲ 205/70 ಆರ್15 ಟೈರಿನ ಜಾಗದಲ್ಲಿ 235/75 ಆರ್15 ಹಾಕಿದ್ದರೆ ಚಕ್ರದ ಸುತ್ತಳತೆ ಸುಮಾರು ಶೇ. 10ರಷ್ಟು ಹೆಚ್ಚುವುದರಿಂದ, ಆ ಟೈರುಗಳ ಮೇಲೆ ಮೀಟರು 10,000 ಕಿ.ಮೀ. ತೋರಿಸುವಷ್ಟರಲ್ಲಿ ಗಾಡಿ 11,000 ಓಡಿರುತ್ತದೆ. ಎತ್ತರಕ್ಕಾಗಿ ಉದ್ದನೆಯ ಶ್ಯಾಕಲ್ (ಲೀಫ್ ಸ್ಪ್ರಿಂಗನ್ನು ಗಾಡಿಯ ಚೌಕಟ್ಟಾದ ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿದ್ದರೆ, ಸಂಕೋಚಪಡದೆ ಟಾರ್ಚ್ ಹಿಡಿದು ಗಾಡಿಯಡಿ ಮಲಗಿ, ಲೀಫ್ ಸ್ಪ್ರಿಂಗ್ ಚಾಸಿಗೆ ಸೇರುವಲ್ಲಿ ಬಿರುಕಾಗಲಿ, ಹೊಸ ವೆಲ್ಡಿಂಗನ್ನು ಮುಚ್ಚಲು ಬಳಿದ ಕಪ್ಪು ಬಣ್ಣವಾಗಲಿ ಇದೆಯೇ ಎಂದು ನೋಡಿರಿ. ಮಿರಮಿರ ಮಿಂಚುವ ಅಡಿಭಾಗಕ್ಕಿಂತ ಕೆಸರು ಮೆತ್ತಿದ ಅಡಿಭಾಗವನ್ನೇ ನಾನು ಹೆಚ್ಚು ನಂಬುತ್ತೇನೆ. ಡಿಫರೆನ್ಷಿಯಲ್‌ನ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗುಂಪು) ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆಯೆಂದೇ ಅರ್ಥ. ಎಂಜಿನ್ ಬದಲಾಗಿದ್ದರೆ ಆರ್‌ಸಿಯಲ್ಲಿ ಅದು ನಮೂದಾಗಿರಲೇಬೇಕು. ವಾಹನದ ಮಾರ್ಪಾಡಿಗೆ ಸಂಬಂಧಿಸಿದ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಹೊಣೆ ಗಾಡಿ ಕೊಂಡವರ ತಲೆಗೇ ಬರುತ್ತದೆ.