ನನ್ನ ಪಾಠವನ್ನು ನಾನೇ ಕೇಳಿಸಿಕೊಂಡಾಗ

ತನ್ನನ್ನು ತಾನು ಅರಿಯಲು ಕಣ್ಣು ಮುಚ್ಚಿ ಕೂರಬೇಕು ಎಂದು ಬಹಳ ಮಂದಿ ನಂಬಿದ್ದಾರೆ. ನನಗೆ ಅದು ಒಗ್ಗಲಿಲ್ಲ. ಕಣ್ಣು ಮುಚ್ಚಿದರೆ ನಾಳೆಯ ಪಾಠ ಟಿಪ್ಪಣಿ, ತಿದ್ದಬೇಕಾದ ಕಿರುಪರೀಕ್ಷೆಯ ಪತ್ರಿಕೆಗಳು, ಮುಗಿಯುತ್ತ ಬಂದ ಗ್ಯಾಸ್ ಸಿಲಿಂಡರ್ ಎಲ್ಲವೂ ಸಾಲುಗಟ್ಟಿ ನಿಲ್ಲುತ್ತಿದ್ದವು. ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಸಂಗತಿಯೊಂದು ಕಡೆಗೆ ಸಿಕ್ಕಿದ್ದು ಮೊಬೈಲಿನ ಧ್ವನಿಮುದ್ರಣದಲ್ಲಿ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು.

ಶಿಕ್ಷಕರ ತರಬೇತಿಗಳಲ್ಲಿ ಜೋಹರಿ ಕಿಟಕಿಯ ಪ್ರಸ್ತಾಪ ಆಗಾಗ ಬರುತ್ತದೆ. ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಮನೋವಿಜ್ಞಾನಿಗಳು 1955ರಲ್ಲಿ ರೂಪಿಸಿದ ನಾಲ್ಕು ಚೌಕಗಳ ಚಿತ್ರ ಅದು. ಅದರಲ್ಲಿ ಒಂದು ಚೌಕ, ಉಳಿದವರಿಗೆಲ್ಲ ಕಾಣುವ, ನಮಗೆ ಮಾತ್ರ ಕಾಣದ ನಮ್ಮ ಗುಣಗಳದ್ದು. ತರಬೇತಿಯಲ್ಲಿ ಚಿತ್ರ ಬರೆದುಕೊಂಡು, ಚಹಾ ಕುಡಿದು, ಸಹಿ ಹಾಕಿ ಮನೆಗೆ ಬರುತ್ತೇವೆ. ಆ ಚೌಕದೊಳಗೆ ಏನಿದೆ ಎಂದು ಹೇಳುವವರು ಯಾರು? ಮಕ್ಕಳಿಗೆ ಗೊತ್ತು, ಆದರೆ ಟೀಚರಿಗೆ ಹೇಳುವ ಧೈರ್ಯವಿಲ್ಲ. ಸಹೋದ್ಯೋಗಿಗಳಿಗೆ ದಾಕ್ಷಿಣ್ಯ. ಅದಕ್ಕೇ ಮೊಬೈಲ್.

ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳಿಗೂ ಹೇಳಿ, ಮೇಜಿನ ಮೇಲೆ ಮೊಬೈಲ್ ಮಗುಚಿಟ್ಟು 40 ನಿಮಿಷದ ಒಂದು ಅವಧಿಯನ್ನು ಮುದ್ರಿಸಿಕೊಂಡೆ. ಧ್ವನಿ ಮಾತ್ರ, ಚಿತ್ರವಿಲ್ಲ. ಕೇಳಿದ ಮೇಲೆ ಅಳಿಸಿಬಿಡುತ್ತೇನೆ ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದೆ, ಹಾಗೆಯೇ ಅಳಿಸಿದೆ. ಹತ್ತನೇ ತರಗತಿಯ ವರ್ಗ ಸಮೀಕರಣದ ಪಾಠ; ಸಮೀಕರಣದ ಉತ್ತರಗಳು, ಅಂದರೆ ಮೂಲಗಳು, ಎಂಥವು ಎಂದು ತಿಳಿಸುವ ಸಂಖ್ಯೆಗೆ ಅದರಲ್ಲಿ ಶೋಧಕ ಎನ್ನುತ್ತೇವೆ. ಮೊದಲ ಕೆಲವು ನಿಮಿಷ ಸ್ವಂತ ದನಿಯನ್ನು ಸಹಿಸಿಕೊಳ್ಳುವುದರಲ್ಲೇ ಕಳೆಯಿತು. ಅಷ್ಟು ಕೀರಲು ದನಿ ನನ್ನದೆಂದು ಯಾರೂ ಹೇಳಿರಲಿಲ್ಲ. ಆಮೇಲೆ ಈ ಭಾಗ ಬಂತು.

"ಎರಡು ಮೂಲಗಳೂ ಸಮ ಆಗುವುದು ಯಾವಾಗ? ಹೇಳಿ. ಬೇಗ. ಶೋಧಕ ಏನಾಗಿರಬೇಕು? ಸೊನ್ನೆ ಆಗಿರಬೇಕು, ಅಲ್ಲವಾ?"

"ಹೌದು ಮಿಸ್."

ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಬಿಡುವಿಲ್ಲ. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ, ಮಕ್ಕಳ ಪಾಲಿಗೆ ಬಂದದ್ದು ಆ ರಾಗದ "ಹೌದು ಮಿಸ್" ಒಂದೇ. ಪಾಠದುದ್ದಕ್ಕೂ ಇದೇ ಕಥೆ. ನನ್ನದು ಮಕ್ಕಳನ್ನು ಮಾತನಾಡಿಸುವ ತರಗತಿ ಎಂಬ ಹೆಮ್ಮೆ ನನಗಿತ್ತು!

ಇದು ನನ್ನೊಬ್ಬಳ ರೋಗವಲ್ಲ ಎಂದು ಓದಿದ ಮೇಲೆ ತಿಳಿಯಿತು. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ತಾವಾಗಿಯೇ ಬಾಯಿ ತೆರೆಯುವ ಮಕ್ಕಳು ಹೆಚ್ಚಾದರು, ಉತ್ತರವೇ ಬಾರದ ಪ್ರಶ್ನೆಗಳು ಕಡಿಮೆಯಾದವು. ಮಗು ಉತ್ತರಿಸಿದ ಮೇಲೂ ಅಷ್ಟೇ ಹೊತ್ತು ಸುಮ್ಮನಿರಬೇಕು ಎಂಬುದು ಅವರ ಇನ್ನೊಂದು ಮಾತು. ನನಗೆ ಹೆಚ್ಚು ಕಷ್ಟವಾದದ್ದು ಈ ಎರಡನೆಯದು. "ಸರಿ", "ಗುಡ್" ಎಂಬ ಪದ ನಾಲಿಗೆಯ ತುದಿಯಲ್ಲಿ ಕುಳಿತೇ ಇರುತ್ತದೆ.

ಮೂರು ಸೆಕೆಂಡ್ ಎಂದರೆ ಏನು ಮಹಾ ಎನ್ನಿಸಬಹುದು. ಐವತ್ತು ಜನ ಮಕ್ಕಳ ಎದುರು ನಿಂತು ನೋಡಬೇಕು. ಸೀರೆಯ ನೆರಿಗೆಯ ಮರೆಯಲ್ಲಿ ಹೆಬ್ಬೆರಳಿನಿಂದ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ ಎಣಿಸುತ್ತಿದ್ದೆ. ಎರಡನೆಯ ಬೆರಳಿಗೆ ಬರುವಷ್ಟರಲ್ಲಿ ಗಂಟಲು ಬಿಗಿಯುತ್ತಿತ್ತು, ಹಿಡಿದ ಸೀಮೆಸುಣ್ಣ ಬೆವರಿಗೆ ಅಂಟುತ್ತಿತ್ತು. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಓಡುವ ಮಾತನ್ನು ಸಿಬ್ಬಂದಿ ಕೊಠಡಿಗೆ ಬಂದ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. "ಇವಳಿಗೆ ಮುಂದಿನ ಸಾಲು ಮರೆತುಹೋಗಿದೆ ಎಂದುಕೊಂಡಾರು." "ಕಾರಿಡಾರಿನಲ್ಲಿ ಯಾರಾದರೂ ಹಾದುಹೋದರೆ ತರಗತಿ ಸತ್ತಿದೆ ಎಂದುಕೊಂಡಾರು." ಬೇರೆ ಬೇರೆ ದಿನ ಬರೆದವು, ಎಲ್ಲವೂ ಒಂದೇ ಮಾತಿನ ತಿರುವುಮುರುವು. ಸುಮ್ಮನಿದ್ದರೆ ನಾನು ದಡ್ಡಿಯಾಗಿ ಕಾಣುತ್ತೇನೆ. ಪೋರ್ಷನ್ ಮುಗಿಸುವ ಅವಸರ ಎಂದು ನಾನು ನಂಬಿಕೊಂಡಿದ್ದರ ಅಡಿಯಲ್ಲಿ ಇದ್ದದ್ದು ಈ ಹೆದರಿಕೆ.

ಅದು ಎಲ್ಲಿಂದ ಬಂತು ಎಂದು ಬಾಲ್ಯದವರೆಗೂ ಕೆದಕುವ ಆಸೆಯಾಯಿತು. ಸ್ವಲ್ಪ ಕೆದಕಿಯೂ ನೋಡಿದೆ. ಒಂದಕ್ಕಿಂತ ಒಂದು ಚಂದದ ಕಾರಣಗಳು ಸಿಕ್ಕವು, ಆದರೆ ಮರುದಿನ ತರಗತಿಯಲ್ಲಿ ಬಾಯಿ ಮಾತ್ರ ಹಾಗೆಯೇ ಓಡುತ್ತಿತ್ತು. ಆತ್ಮಾವಲೋಕನದ ಬಗ್ಗೆ ಅಧ್ಯಯನ ಮಾಡಿರುವ ಟಾಶಾ ಯೂರಿಕ್ ಎಂಬ ಮನೋವಿಜ್ಞಾನಿ, "ಯಾಕೆ" ಎಂದು ಕೇಳಿಕೊಳ್ಳುವುದಕ್ಕಿಂತ "ಏನು" ಎಂದು ಕೇಳಿಕೊಳ್ಳುವುದು ಉಪಯುಕ್ತ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ನಿಜ. ಏನಾಗುತ್ತಿದೆ, ಯಾವಾಗ ಆಗುತ್ತಿದೆ, ಈಗ ಏನು ಮಾಡಲಿ ಎಂಬುದಕ್ಕೆ ನೋಟ್‌ಬುಕ್ಕಿನಲ್ಲಿ ಉತ್ತರವಿತ್ತು. ಮಧ್ಯಾಹ್ನದ ಬಿಸಿಯೂಟದ ನಂತರದ ಅವಧಿಯಲ್ಲಿ ಅವಸರ ಹೆಚ್ಚು. ಮುಂದಿನ ಬೆಂಚಿನ ಕೆಲವೇ ಹೆಸರುಗಳು ಮತ್ತೆ ಮತ್ತೆ ನನ್ನ ಬಾಯಿಗೆ ಬರುತ್ತವೆ. ಕೊನೆಯ ಎರಡು ಸಾಲಿನ ಹುಡುಗಿಯರ ಹೆಸರು ಹಾಜರಿ ಕೂಗುವಾಗ ಬಿಟ್ಟರೆ ಇಡೀ ಅವಧಿಯಲ್ಲಿ ಇಲ್ಲ. ಹಾಜರಿ ಪಟ್ಟಿಯ ಒಂದು ನಕಲನ್ನು ಪಾಠ ಟಿಪ್ಪಣಿಯೊಳಗೆ ಇಟ್ಟುಕೊಂಡು, ಮಾತನಾಡಿದವರ ಹೆಸರಿನ ಎದುರು ಪೆನ್ಸಿಲಿನಲ್ಲಿ ಗುರುತು ಹಾಕಲು ಶುರುಮಾಡಿದೆ.

ಆ ಹಿಂದಿನ ಸಾಲಿನ ಒಬ್ಬಳು ಒಂದು ದಿನ, ನಾನು ಬಾಯಿ ಬಿಗಿಹಿಡಿದು ನಿಂತಿದ್ದಾಗ, "ಮಿಸ್, ಶೋಧಕ ಸೊನ್ನೆಗಿಂತ ಕಡಿಮೆ ಬಂದರೆ ಆ ಗ್ರಾಫ್ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದಳು. ಪರವಲಯ ಎಕ್ಸ್ ಅಕ್ಷವನ್ನು ಮುಟ್ಟದೆ ಮೇಲೋ ಕೆಳಗೋ ಉಳಿಯುವುದನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಆದರೆ ಆ ವರ್ಷ ತರಗತಿಯಲ್ಲಿ ಕೇಳಿಬಂದ ಒಳ್ಳೆಯ ಪ್ರಶ್ನೆ ಅದು.

ಶಾಲೆಯಲ್ಲಿ ಹಿಡಿದ ಈ ಅಭ್ಯಾಸ ಮನೆಗೂ ಬಂತು. ಪಿಯುಸಿ ವಿಜ್ಞಾನಕ್ಕೆ ಸೇರಿದ್ದ ಮಗಳನ್ನು ನಾನು ಮಾತನಾಡಿಸುತ್ತಿದ್ದ ರೀತಿಯೂ ಅದೇ ಆಗಿತ್ತು. "ಕಾಲೇಜು ಹೇಗಿದೆ? ಚೆನ್ನಾಗಿದೆ ತಾನೇ? ಊಟಕ್ಕೆ ಬಾ." ಒಂದು ರಾತ್ರಿ ಪಾತ್ರೆ ಒರೆಸುತ್ತ ಕೇಳಿ, ಸುಮ್ಮನಾದೆ. ಮೂರು ಸೆಕೆಂಡಿಗೆ ಏನೂ ಬರಲಿಲ್ಲ. ಇನ್ನೂ ಒಂದಷ್ಟು ಹೊತ್ತು ಒರೆಸಿದ್ದನ್ನೇ ಒರೆಸುತ್ತಿದ್ದೆ. "ಅಮ್ಮಾ, ನನಗೆ ಫಿಸಿಕ್ಸ್ ಬೇಡ" ಎಂದಳು. ನಾನು ಹಿಗ್ಗಲಿಲ್ಲ. ಗಣಿತದ ಟೀಚರ ಮಗಳು ವಿಜ್ಞಾನ ಬಿಡುವುದೆಂದರೆ ಊರಿನವರ ಬಾಯಿಗೆ ಆಹಾರ. ಮನೆಯಲ್ಲಿ ಕೆಲವು ದಿನ ಜಗಳವೇ ಆಯಿತು, ಅವಳ ಅಪ್ಪ ನನ್ನ ಪಕ್ಷ, ಅಜ್ಜಿ ಅವಳ ಪಕ್ಷ. ಮುಂದಿನ ವರ್ಷ ಅವಳು ಕಾಮರ್ಸಿಗೆ ಸೇರಿದಳು. ಈಗ ಲೆಕ್ಕಶಾಸ್ತ್ರದ ತಾಳೆಪಟ್ಟಿ ಹರಡಿಕೊಂಡು ಕುಳಿತು, ಎರಡು ಕಡೆಯ ಮೊತ್ತ ಸೇರದಿದ್ದರೆ ನನ್ನನ್ನೇ ಕರೆಯುತ್ತಾಳೆ.

ಇದನ್ನು ಮಾಡಿನೋಡಬೇಕೆಂದಿರುವ ಶಿಕ್ಷಕರಿಗೆ ಒಂದು ಮಾತು. ಒಂದೇ ಅವಧಿಯನ್ನು ಮುದ್ರಿಸಿ, ಒಂದೇ ಸಂಗತಿಗೆ ಕಿವಿಗೊಡಿ. ಎಲ್ಲ ಕುಂದುಗಳನ್ನೂ ಒಟ್ಟಿಗೆ ಹಿಡಿಯಲು ಹೊರಟರೆ ಮರುದಿನ ಶಾಲೆಗೆ ಹೋಗಲು ಕಾಲು ಏಳುವುದಿಲ್ಲ. ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು ತಮ್ಮ ಪಾಠ ಕೇಳಿಸಿಕೊಂಡು "ಅರ್ಥವಾಯಿತಲ್ಲ?" ಎಂಬ ಒಂದನ್ನೇ ಗುರುತಿಸಿಕೊಂಡರು, ಅದರ ಬದಲು ಈಗ ಯಾರಾದರೊಬ್ಬರನ್ನು ಎಬ್ಬಿಸಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಹೇಳಿಸುತ್ತಾರೆ. ನನಗಂತೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಹಳೆಯ ಓಟ ಮರಳುತ್ತದೆ. ಪುನರಾವರ್ತನೆಯ ತರಗತಿಗಳನ್ನು ಇನ್ನೂ ಮುದ್ರಿಸಿಕೊಂಡಿಲ್ಲ, ಬರುವ ಫೆಬ್ರವರಿಯಲ್ಲಿ ಅದನ್ನು ಮಾಡುವವಳಿದ್ದೇನೆ.