ವಿಸ್ತೀರ್ಣ ಮತ್ತು ಸುತ್ತಳತೆಯಿಂದ ಖರ್ಚಿನ ಅಂದಾಜು ಮಾಡುವ ಬಗೆ

ಖರ್ಚಿನ ಲೆಕ್ಕಕ್ಕೆ ಕೂರುವ ಮೊದಲು, ದರವನ್ನು ಯಾವ ಅಳತೆಗೆ ಹೇಳಿದ್ದಾರೆ ಎಂಬುದನ್ನು ನೋಡಿಕೊಳ್ಳಬೇಕು. ಮೀಟರಿಗೆ ಇಷ್ಟು ಎಂದಿದ್ದರೆ ಉದ್ದದ ಅಳತೆ, ಹೆಚ್ಚಾಗಿ ಸುತ್ತಳತೆ, ಬೇಕಾಗುತ್ತದೆ. ಚದರ ಮೀಟರಿಗೆ ಇಷ್ಟು ಎಂದಿದ್ದರೆ ವಿಸ್ತೀರ್ಣ. ಬೇಲಿ, ಸ್ಕರ್ಟಿಂಗ್ (ಗೋಡೆಯ ಬುಡದಲ್ಲಿ ಕೂರಿಸುವ ಪಟ್ಟಿ), ಚೌಕಟ್ಟಿನ ಪಟ್ಟಿಗಳು ಮೊದಲನೆಯ ಗುಂಪಿನವು. ನೆಲಹಾಸು, ಬಣ್ಣ, ಗಾರೆ ಎರಡನೆಯದಕ್ಕೆ ಸೇರುತ್ತವೆ.

5 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ಉದ್ದವನ್ನು ಅಗಲದಿಂದ ಗುಣಿಸಿದರೆ ನೆಲದ ವಿಸ್ತೀರ್ಣ 20 ಚದರ ಮೀಟರ್. ಎರಡನ್ನೂ ಕೂಡಿಸಿ ಇಮ್ಮಡಿ ಮಾಡಿದರೆ ಸುತ್ತಳತೆ 18 ಮೀಟರ್. 60 ಸೆಂ.ಮೀ. ಚೌಕದ ಒಂದು ಟೈಲ್ 0.36 ಚದರ ಮೀಟರನ್ನು ಮುಚ್ಚುವುದರಿಂದ, 20ನ್ನು 0.36ರಿಂದ ಭಾಗಿಸಿದಾಗ 55.56, ಅಂದರೆ 56 ಟೈಲ್‌ಗಳು ಬೇಕು. ಆದರೆ ಇಡಿಯಾಗಿ ಕೂರುವ ಟೈಲ್‌ಗಳು ಉದ್ದಕ್ಕೆ 8, ಅಗಲಕ್ಕೆ 6, ಒಟ್ಟು 48 ಮಾತ್ರ; ಒಂದು ಬದಿಯಲ್ಲಿ 20 ಸೆಂ.ಮೀ., ಮತ್ತೊಂದು ಬದಿಯಲ್ಲಿ 40 ಸೆಂ.ಮೀ. ಅಗಲದ ಜಾಗ ಉಳಿಯುತ್ತದೆ. 40ರ ಜಾಗಕ್ಕೆ 8 ಟೈಲ್‌ಗಳನ್ನು ಕತ್ತರಿಸಿದಾಗ ಮಿಗುವ 20ರ ತುಂಡುಗಳನ್ನೇ ಇನ್ನೊಂದು ಬದಿಗೂ ಮೂಲೆಗೂ ಹೊಂದಿಸಿದರೆ 56ರಲ್ಲೇ ಕೆಲಸ ಮುಗಿಯುತ್ತದೆ. ಕತ್ತರಿಸುವಾಗ ಒಂದೂ ಒಡೆಯಬಾರದು, ಅಷ್ಟೆ! ಹಾಗಾಗುವುದು ಅಪರೂಪವಾದ್ದರಿಂದ ನೂರಕ್ಕೆ ಹತ್ತರಷ್ಟು ಹೆಚ್ಚು ಹಿಡಿದು 62 ಎಂದಿಟ್ಟುಕೊಳ್ಳುವುದು ಲೇಸು. ಪೆಟ್ಟಿಗೆಗೆ 4ರಂತೆ ಸಿಗುವುದಾದರೆ 16 ಪೆಟ್ಟಿಗೆಗಳು, ಅಂದರೆ 23.04 ಚದರ ಮೀಟರಿನಷ್ಟು ಮಾಲು. ಮಾಲಿನ ದರವನ್ನು ಈ 23.04ರಿಂದ ಗುಣಿಸಬೇಕು, ಹಾಸುವ ಕೂಲಿಯನ್ನು 20ರಿಂದ. ಎರಡಕ್ಕೂ ಒಂದೇ ಸಂಖ್ಯೆಯನ್ನು ಬಳಸುವುದರಿಂದಲೇ ಎಷ್ಟೋ ಅಂದಾಜುಗಳು ತಪ್ಪುತ್ತವೆ.

ಸ್ಕರ್ಟಿಂಗಿಗೆ 18 ಮೀಟರಿನಲ್ಲಿ 0.9 ಮೀಟರ್ ಅಗಲದ ಬಾಗಿಲನ್ನು ಕಳೆದು 17.1 ಮೀಟರ್ ಹಿಡಿದರೆ ಸಾಕು.

ಗೋಡೆಗಳ ವಿಸ್ತೀರ್ಣಕ್ಕೂ ಸುತ್ತಳತೆಯೇ ಹತ್ತಿರದ ದಾರಿ. ನಾಲ್ಕು ಗೋಡೆಗಳನ್ನು ಬಿಡಿಬಿಡಿಯಾಗಿ ಗುಣಿಸುವ ಬದಲು 18ನ್ನು 3 ಮೀಟರ್ ಎತ್ತರದಿಂದ ಗುಣಿಸಿದರೆ 54 ಚದರ ಮೀಟರ್ ಸಿಗುತ್ತದೆ, ಅದರಲ್ಲಿ 2.1 ಮೀಟರ್ ಎತ್ತರದ ಆ ಬಾಗಿಲಿನ 1.89, 1.5ಕ್ಕೆ 1.2 ಮೀಟರಿನ ಕಿಟಕಿಯ 1.8 ಕಳೆದರೆ 50.31 ಉಳಿಯುತ್ತದೆ. ಬಣ್ಣವನ್ನು ಎರಡು ಸಲ ಬಳಿಯುವುದಾದರೆ ಇದನ್ನು ಇಮ್ಮಡಿ ಮಾಡಿ, ಒಂದು ಲೀಟರ್ ಎಷ್ಟು ಚದರ ಮೀಟರಿಗೆ ಸಾಲುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದೆಯೋ ಅದರಿಂದ ಭಾಗಿಸಬೇಕು.

ಕೋಣೆ ಆಯತಾಕಾರವಾಗಿರದೆ ಒಂದು ಪಕ್ಕಕ್ಕೆ ಚಾಚಿಕೊಂಡಿದ್ದರೆ, ಅದನ್ನು ಎರಡು ಆಯತಗಳಾಗಿ ಒಡೆದು ವಿಸ್ತೀರ್ಣಗಳನ್ನು ಕೂಡಿಸಬಹುದು. ಸುತ್ತಳತೆಗಳನ್ನು ಮಾತ್ರ ಹಾಗೆ ಕೂಡಿಸಬಾರದು; ಕೂಡಿಸಿದರೆ ನಾವೇ ಎಳೆದುಕೊಂಡ ಒಳಗಿನ ಗೆರೆ ಎರಡು ಬಾರಿ ಲೆಕ್ಕಕ್ಕೆ ಬಂದುಬಿಡುತ್ತದೆ. ಹೊರ ಅಂಚಿನ ಗುಂಟ ಅಳೆಯುತ್ತ ಹೋಗುವುದೇ ಸರಿ.

ಚದರ ಮೀಟರಿನಿಂದ ಚದರಡಿಗೆ ಬರುವಾಗಲೂ ಎಚ್ಚರ ಬೇಕು: ಒಂದು ಮೀಟರ್ ಸುಮಾರು 3.28 ಅಡಿಯಾದರೆ, ಒಂದು ಚದರ ಮೀಟರ್ ಸುಮಾರು 10.76 ಚದರಡಿ.

ಇನ್ನು ಬೇಲಿ. 100 ಚದರ ಮೀಟರಿನ ಜಾಗ 10ಕ್ಕೆ 10ರ ಚೌಕವಾಗಿದ್ದರೆ 40 ಮೀಟರ್ ಬೇಲಿ ಸಾಕು, ಅದೇ ಜಾಗ 25ಕ್ಕೆ 4ರ ಪಟ್ಟಿಯಾಗಿದ್ದರೆ 58 ಮೀಟರ್ ಬೇಕು. ಹೀಗಾಗಿ ವಿಸ್ತೀರ್ಣವೊಂದನ್ನೇ ಕೇಳಿ ಬೇಲಿಯ ಖರ್ಚು ಹೇಳಲಾಗದು. ಕಂಬಗಳ ಎಣಿಕೆ ಬೇರೆ: 2.5 ಮೀಟರಿಗೊಂದರಂತೆ 40 ಮೀಟರ್ ಸುತ್ತುಬೇಲಿಗೆ 16 ಕಂಬಗಳು ಬೇಕಾದರೆ, ಅಷ್ಟೇ ಉದ್ದದ ನೇರ ಬೇಲಿಗೆ 17 ಬೇಕು, ಏಕೆಂದರೆ ಅಲ್ಲಿ ಕೊನೆಯ ಕಂಬ ಮೊದಲನೆಯದರೊಂದಿಗೆ ಕೂಡಿಕೊಳ್ಳುವುದಿಲ್ಲ.